ಬಿಳಿಗೆರೆಯ ಎಣ್ಣೆ, ಮಡಕಶಿರಾದ ಗಿರಾಕಿ

ಬಿಳಿಗೆರೆಯ ನಮ್ಮ ಖಾಲಾ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಅಟ್ಟದ ಕಡೆ ಹೋಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮನೆಯೊಂದರ ಬದುಕು ಹೇಗಿದೆ ಎಂದು ತಿಳಿಯಲು ಬ್ಯಾಂಕಿನ ಪಾಸ್‌ಬುಕ್ ನೋಡಬೇಕಾಗಿಲ್ಲ, ಅಟ್ಟ ನೋಡಿದರೆ ಸಾಕು. ಕೊಯ್ದ ಕಾಯಿ ಅಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಮಲಗಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಸದ್ದು ಮಾಡುವವರೆಗೆ ಕಾಯಬೇಕು. ಆಮೇಲೆ ಸುಲಿದು, ಒಡೆದು, ಉಂಡೆ ಕೊಬ್ಬರಿ ತೆಗೆಯಬೇಕು. ಕೌಟು ಬಂದದ್ದು ಬೇರೆ, ಒಳ್ಳೆಯದು ಬೇರೆ. ಇಷ್ಟು ತಾಳ್ಮೆಯಿಂದ ಆದ ಸರಕು ಮನೆಯ ಹೊಸ್ತಿಲು ದಾಟಿದ ಮೇಲೆ ಎಷ್ಟು ಗಡಿಗಳನ್ನು ದಾಟುತ್ತದೆ, ಒಂದೊಂದು ಗಡಿಯಲ್ಲೂ ಯಾರು ಯಾರು ಕೈ ಚಾಚುತ್ತಾರೆ ಎಂಬುದೇ ಒಂದು ದೊಡ್ಡ ಇತಿಹಾಸ.

ಈ ಇತಿಹಾಸವನ್ನು ಮತ್ತೆ ಯೋಚಿಸುವಂತೆ ಮಾಡಿದವಳು ಖಾಲಾ ಅವರ ಮೊಮ್ಮಗಳು. ಪದವಿ ಮುಗಿಸಿ ಮನೆಯಲ್ಲೇ ಇರುವ ಹುಡುಗಿ. ಮನೆಯ ಕೊಬ್ಬರಿಯನ್ನು ಗಾಣದಲ್ಲಿ ಆಡಿಸಿ, ಎಣ್ಣೆಯನ್ನು ಬಾಟಲಿಗೆ ತುಂಬಿ, ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಲು ಶುರು ಮಾಡಿದ್ದಾಳೆ. ತುಮಕೂರು, ಹಾಸನ, ಬೆಂಗಳೂರುಗಳಿಂದ ಗಿರಾಕಿಗಳು ಬಂದಿದ್ದಾರೆ. ಕಳೆದ ಸಲ ನಾನು ಹೋದಾಗ ಮೊಬೈಲ್ ಹಿಡಿದು ಪಕ್ಕದಲ್ಲಿ ಕೂತಳು.

“ಮಾಮು, ಪಾವಗಡಕ್ಕೆ ಎಣ್ಣೆ ಕಳಿಸಿದರೆ ಯಾರೂ ಏನೂ ಕೇಳೋದಿಲ್ಲ. ಮಡಕಶಿರಾದಿಂದ ಒಬ್ಬರು ಎರಡು ಬಾಟಲಿ ಕೇಳಿದ್ದಾರೆ. ಅದಕ್ಕೆ ಮಾತ್ರ ಜಿಎಸ್‌ಟಿ ನಂಬರ್ ಬೇಕಂತೆ. ಪಾವಗಡದ ಸುತ್ತಾ ಇರೋದು ಆಂಧ್ರಾನೇ ಅಲ್ವಾ? ಪಕ್ಕದ ಊರಿಗೆ ಕಳಿಸೋಕೆ ಇದೇನು ಕಾಟ?”

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿವರೆಗೆ ಸರಕು ಮಾರುವವರು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ಆದರೆ ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರುವವರಿಗೆ ಈ ರಿಯಾಯಿತಿ ಮೊದಲು ಇರಲಿಲ್ಲ. ಒಂದು ಬಾಟಲಿ ಮಾರಿದರೂ ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಚಿಕ್ಕ ವ್ಯಾಪಾರಿಗಳಿಗೆ ಈ ಬಾಗಿಲು ತೆರೆಯಿತು. ಆದರೆ ಒಂದು ಷರತ್ತಿನೊಂದಿಗೆ: ಸರಕು ಸ್ವಂತ ರಾಜ್ಯದೊಳಗೇ ಇರಬೇಕು. ತೆರಿಗೆ ಬೀಳುವ ಸರಕು ರಾಜ್ಯದ ಗಡಿ ದಾಟಿದರೆ ನೋಂದಣಿ ಕಡ್ಡಾಯ. ಹಾಗಾಗಿ ದೂರದ ಬೀದರಿಗೆ ಹೋಗುವ ಎಣ್ಣೆ ಹಗುರ, ಪಕ್ಕದ ಮಡಕಶಿರಾಕ್ಕೆ ಹೋಗುವ ಎಣ್ಣೆ ಭಾರ.

ಸರಕು ಗಡಿ ದಾಟುವಾಗ ಸುಂಕ ಕೇಳುವುದು ಇಂದಿನ ಸರ್ಕಾರಗಳು ಹುಟ್ಟುಹಾಕಿದ ಪದ್ಧತಿಯಲ್ಲ. ಕನ್ನಡದ ಹಳೆಯ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ದೇವಸ್ಥಾನಕ್ಕೋ ಅಗ್ರಹಾರಕ್ಕೋ ದತ್ತಿ ಬಿಡುವಾಗ ಭೂಮಿಯ ಜೊತೆಗೆ ಸುಂಕದ ಆದಾಯವನ್ನೂ ಬಿಡುತ್ತಿದ್ದರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬವರೇ ಇದ್ದರು. ಸುಂಕ ವಸೂಲಿಯೇ ಅವರ ಕಾಯಕ. ಹತ್ತು ಜನ ಬಯ್ಯುವ ಕೆಲಸವನ್ನೂ ನೇರವಾಗಿ ಮಾಡಿದರೆ ಕಾಯಕವಾಗುತ್ತದೆ ಎಂಬ ಮಾತು ಅವರ ಹೆಸರಿನಲ್ಲೇ ಇದೆ.

ಉರ್ದು ಮತ್ತು ಕನ್ನಡ ಎರಡನ್ನೂ ಶಾಲೆಯಲ್ಲಿ ಓದಿದ ನನ್ನಂಥವರಿಗೆ ಈ ವಿಷಯದಲ್ಲಿ ಇನ್ನೊಂದು ಕುತೂಹಲವಿದೆ. ಸುಂಕ ಎಂಬುದು ‘ಶುಲ್ಕ’ದಿಂದ ಬಂದ ಮಾತು. ಆದರೆ ಹಳ್ಳಿಯ ಹಿರಿಯರು ‘ಜಕಾತಿ’ ಎನ್ನುತ್ತಿದ್ದರು. ಅದು ಅರಬ್ಬಿಯ ‘ಝಕಾತ್’. ಉಳ್ಳವರು ತಮ್ಮ ಸಂಪತ್ತಿನಿಂದ ಬಡವರ ಪಾಲನ್ನು ತೆಗೆದುಕೊಡುವ ಧಾರ್ಮಿಕ ಕರ್ತವ್ಯದ ಹೆಸರು ಊರ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಕೀಳುವ ಕಾಸಿಗೆ ಹೇಗೆ ಅಂಟಿಕೊಂಡಿತೋ! ಸಾಯರ್, ರಸೀದಿ, ದಲಾಲಿ, ರಹದಾರಿ, ಎಲ್ಲವೂ ಪಾರ್ಸಿ ಅರಬ್ಬಿಗಳಿಂದ ಬಂದವು. ನಮ್ಮ ಜಿಲ್ಲೆಯ ಶಿರಾ 1687ರಿಂದ ಮೊಗಲರ ಸುಬಾದ ಕೇಂದ್ರವಾಗಿತ್ತು. ಇಂಥ ಮಾತುಗಳು ನಮ್ಮ ಸೀಮೆಯಲ್ಲಿ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ.

ರಹದಾರಿ ಎಂದರೆ ದಾರಿಯ ಹಕ್ಕಿಗಾಗಿ ಕೊಡುವ ಹಣ, ಕೊಟ್ಟದ್ದಕ್ಕೆ ಸಿಗುವ ಚೀಟಿ. ಜಹಾಂಗೀರ್ ಬಾದಶಹ 1605ರಲ್ಲಿ ಪಟ್ಟಕ್ಕೆ ಬಂದಾಗ ಹೊರಡಿಸಿದ ಹನ್ನೆರಡು ಆಜ್ಞೆಗಳಲ್ಲಿ ಮೊದಲನೆಯದೇ ದಾರಿಯ, ನದಿಯ ಸುಂಕಗಳನ್ನು ನಿಲ್ಲಿಸುವುದರ ಬಗ್ಗೆ. ಮುಂದೆ ಔರಂಗಜೇಬ್ ಕೂಡ ರಹದಾರಿಯನ್ನು ರದ್ದು ಮಾಡಿದ. ಒಂದೇ ತೆರಿಗೆಯನ್ನು ಮತ್ತೆ ಮತ್ತೆ ರದ್ದು ಮಾಡಬೇಕಾಯಿತು ಎಂದರೆ ಅದು ಎಂದೂ ನಿಂತಿರಲಿಲ್ಲ ಎಂದೇ ಅರ್ಥ. ಆಜ್ಞೆ ದಿಲ್ಲಿಯಲ್ಲಿ, ಕಟ್ಟೆ ಹಳ್ಳಿಯಲ್ಲಿ.

ಮೈಸೂರು ಸಂಸ್ಥಾನದಲ್ಲಿ ಈ ತೆರಿಗೆಯನ್ನು ಸಾಯರ್ ಎಂದೂ, ವಸೂಲಿ ಮಾಡುವ ಜಾಗವನ್ನು ಕಟ್ಟೆ ಎಂದೂ ಕರೆಯುತ್ತಿದ್ದರು. ಒಂದು ಕಟ್ಟೆ ದಾಟಿದರೆ ಇನ್ನೊಂದು. ವಸೂಲಿಯನ್ನು ಗುತ್ತಿಗೆ ಹಿಡಿದವನಿಗೆ ತನ್ನ ಲಾಭ ಮುಖ್ಯ, ಎತ್ತಿನ ಬೆನ್ನ ಮೇಲಿನ ಸರಕು ಯಾರದ್ದಾದರೇನು? 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವಧಿಯಲ್ಲಿ 769 ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಲಾಯಿತು. ಆ ಪಟ್ಟಿ ಓದಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಅದರ ತಲೆ ಬೋಳಿಸಿದರೆ ಇನ್ನೊಂದು. ಪಾಳೆಯಗಾರನೊಬ್ಬನ ಕಳೆದುಹೋದ ಕುದುರೆಯನ್ನು ಹುಡುಕಿಕೊಡಲಿಲ್ಲವೆಂದು ಒಂದು ಹಳ್ಳಿಯವರು ತಲೆತಲಾಂತರವಾಗಿ ತೆರಿಗೆ ಕಟ್ಟುತ್ತಿದ್ದರು. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದರೂ ತೆರಿಗೆ ಬೀಳುತ್ತಿತ್ತು. ಇವೆಲ್ಲ ಯಾರೋ ಕದ್ದು ವಸೂಲಿ ಮಾಡಿದ್ದಲ್ಲ, ಸರ್ಕಾರದ ದಫ್ತರದಲ್ಲಿ ಕಾನೂನುಬದ್ಧವಾಗಿ ನಮೂದಾಗಿದ್ದವು.

ಇದಕ್ಕೆ ಎದುರಾಗಿ ಇಡಬಹುದಾದ ಒಂದು ಹಳೆಯ ಪ್ರಸಂಗ ನನಗೆ ಬಹಳ ಇಷ್ಟ. ಎಂಟನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಇಮಾಮ್ ಅಬೂ ಯೂಸುಫ್ ತಮ್ಮ ‘ಕಿತಾಬುಲ್ ಖರಾಜ್’ ಗ್ರಂಥದಲ್ಲಿ ಅದನ್ನು ದಾಖಲಿಸಿದ್ದಾರೆ. ಹೊರನಾಡುಗಳಲ್ಲಿ ನಮ್ಮ ವರ್ತಕರಿಂದ ಹತ್ತರಲ್ಲಿ ಒಂದು ಪಾಲು ಸುಂಕ ಕೀಳುತ್ತಾರೆ ಎಂದು ಅಬೂ ಮೂಸಾ ಅಶ್‌ಅರಿ ಬರೆದಾಗ, ಅವರು ತೆಗೆದುಕೊಂಡಷ್ಟೇ ನೀವೂ ಅವರ ವರ್ತಕರಿಂದ ತೆಗೆದುಕೊಳ್ಳಿ ಎಂದು ಖಲೀಫಾ ಉಮರ್ ಉತ್ತರಿಸಿದರು. ಇಂದು ದೇಶ ದೇಶಗಳು ಆಡುವ ‘ನೀನು ಹಾಕಿದಷ್ಟು ನಾನೂ’ ಎಂಬ ಸುಂಕದಾಟದ ಹಳೆಯ ರೂಪ ಇದು. ಆದರೆ ಅಲ್ಲಿ ಎರಡು ಕಟ್ಟುಗಳಿದ್ದವು. ಇನ್ನೂರು ದಿರ್ಹಮ್‌ಗಿಂತ ಕಡಿಮೆ ಬೆಲೆಯ ಸರಕಿಗೆ ಸುಂಕವೇ ಇಲ್ಲ. ಮತ್ತು ಒಂದು ಸರಕಿಗೆ ವರ್ಷದಲ್ಲಿ ಒಂದೇ ಸಲ.

ಈ ಎರಡನೆಯ ಕಟ್ಟು ಬಂದದ್ದು ಒಬ್ಬ ವ್ಯಾಪಾರಿಯ ದೂರಿನಿಂದ. ತಗ್ಲಿಬ್ ಬುಡಕಟ್ಟಿನ ಕ್ರೈಸ್ತನೊಬ್ಬ ಇಪ್ಪತ್ತು ಸಾವಿರ ಬೆಲೆಯ ಕುದುರೆ ತಂದ. ಸುಂಕದ ಅಧಿಕಾರಿ ಝಿಯಾದ್ ಬಿನ್ ಹುದೈರ್ ಒಂದು ಸಾವಿರ ವಸೂಲಿ ಮಾಡಿದ. ಅದೇ ವರ್ಷ ಅದೇ ಕುದುರೆಯೊಂದಿಗೆ ಮರಳುವಾಗ ಮತ್ತೆ ಸಾವಿರ ಕೇಳಿದ. ವ್ಯಾಪಾರಿ ನೇರವಾಗಿ ಮಕ್ಕಾದಲ್ಲಿದ್ದ ಉಮರ್‌ರ ಬಳಿ ಹೋಗಿ ದೂರಿಕೊಂಡ. ಆಯಿತು, ನಿನಗೆ ಇಷ್ಟು ಸಾಕು ಎಂದಷ್ಟೇ ಉತ್ತರ ಬಂತು. ಇನ್ನೇನು ಗತಿ, ಕಟ್ಟಲೇಬೇಕು ಎಂದುಕೊಂಡು ಅವನು ಹಿಂದಿರುಗಿದರೆ, ವರ್ಷ ತುಂಬುವವರೆಗೆ ಇವನಿಂದ ಏನೂ ತೆಗೆದುಕೊಳ್ಳಬಾರದು ಎಂಬ ಖಲೀಫರ ಪತ್ರ ಅವನಿಗಿಂತ ಮೊದಲೇ ಅಧಿಕಾರಿಗೆ ತಲುಪಿತ್ತು. ಕಟ್ಟಬೇಕಾದದ್ದು ಒಂದೇ ಸಲ, ಚಿಕ್ಕವರಿಗೆ ವಿನಾಯಿತಿ. ಸುಂಕದ ನ್ಯಾಯವನ್ನು ಅಳೆಯಲು ಈ ಎರಡು ಅಳತೆಗಳು ಸಾಕು ಎಂದು ನನಗನಿಸುತ್ತದೆ.

ಈ ಅಳತೆ ಹಿಡಿದು ನಮ್ಮ ಕಾಲದ ಕಡೆ ಬರೋಣ. 1889ರ ಹೊತ್ತಿಗೆ ಬೆಂಗಳೂರಿನಿಂದ ಹರಿಹರದವರೆಗೆ ರೈಲು ಓಡಿ, ತಿಪಟೂರಿನ ಕೊಬ್ಬರಿಗೆ ದೂರದ ದಾರಿ ತೆರೆಯಿತು. ಉತ್ತರದ ಹಬ್ಬ ಮದುವೆಗಳಿಗೆ ಬೇಕಾದ ಉಂಡೆ ಕೊಬ್ಬರಿಯ ದೊಡ್ಡ ಪೇಟೆಯಾಗಿ ತಿಪಟೂರು ಬೆಳೆಯಿತು. ಪೇಟೆಗಳ ಬಾಗಿಲಲ್ಲಿ ಜಕಾತಿ ಗೇಟುಗಳೂ ಇದ್ದವು. ನಮ್ಮ ನಾನಾ ಗಾಡಿಯಲ್ಲಿ ಕೊಬ್ಬರಿ ಹೇರಿಕೊಂಡು ಹೋಗುತ್ತಿದ್ದ ದಿನಗಳ ಕಥೆ ಹೇಳುವಾಗ, ಎತ್ತುಗಳಿಗೂ ಜಕಾತಿ ಗೇಟು ಗೊತ್ತಿತ್ತು, ತಾವೇ ನಿಲ್ಲುತ್ತಿದ್ದವು ಎನ್ನುತ್ತಿದ್ದರು. ಕರ್ನಾಟಕದಲ್ಲಿ ಈ ಜಕಾತಿ, ಅಂದರೆ ಆಕ್ಟ್ರಾಯ್, 1979ರಲ್ಲಿ ಹೋಯಿತು. ಅದೇ ವರ್ಷದ ಕಾಯ್ದೆಯಿಂದ ಪ್ರವೇಶ ತೆರಿಗೆ ಬಂತು. ಗೇಟು ಹೋದರೂ ಬಾಬ್ತು ಉಳಿಯಿತು.

ಅಷ್ಟರಲ್ಲಾಗಲೇ ಮಾರಾಟ ತೆರಿಗೆ ಬೇರೂರಿತ್ತು. 1939ರಲ್ಲಿ ರಾಜಾಜಿಯವರ ಮದ್ರಾಸ್ ಸರ್ಕಾರ ಸಾಮಾನ್ಯ ಮಾರಾಟ ತೆರಿಗೆಯನ್ನು ತಂದಿತು. ಮೈಸೂರಿನಲ್ಲಿ 1948ರಲ್ಲಿ ಕಾಯ್ದೆಯಾಯಿತು. ಕೂಡಲೇ ಒಂದು ತೊಡಕು ಎದ್ದಿತು. ಮಾರುವವನು ಒಂದು ರಾಜ್ಯದಲ್ಲಿ, ಕೊಳ್ಳುವವನು ಇನ್ನೊಂದರಲ್ಲಿ ಇದ್ದರೆ ಮಾರಾಟ ನಡೆದದ್ದು ಎಲ್ಲಿ? ತೆರಿಗೆ ಯಾರಿಗೆ? 1953ರ ಯುನೈಟೆಡ್ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸರಕು ತಲುಪಿ ಬಳಕೆಯಾಗುವ ರಾಜ್ಯಕ್ಕೆ ತೆರಿಗೆಯ ಹಕ್ಕಿದೆ ಎಂದಿತು. ಪರಿಣಾಮವಾಗಿ ಒಂದೂರಿನ ವರ್ತಕ ತಾನು ಕಾಲಿಡದ ಹತ್ತು ರಾಜ್ಯಗಳಿಗೆ ಲೆಕ್ಕ ಒಪ್ಪಿಸುವ ಸ್ಥಿತಿ ಬಂತು. 1955ರಲ್ಲಿ ಬೆಂಗಾಲ್ ಇಮ್ಯೂನಿಟಿ ಕಂಪೆನಿ ಮತ್ತು ಬಿಹಾರ ಸರ್ಕಾರದ ಪ್ರಕರಣದಲ್ಲಿ ಅದೇ ಕೋರ್ಟು ತನ್ನ ತೀರ್ಪನ್ನು ಬದಲಿಸಿತು. ಮರುವರ್ಷ ಸಂವಿಧಾನದ ಆರನೆಯ ತಿದ್ದುಪಡಿಯಾಗಿ ಕೇಂದ್ರ ಮಾರಾಟ ತೆರಿಗೆ ಕಾಯ್ದೆ ಬಂತು. ಕಾಯ್ದೆ ಕೇಂದ್ರದ್ದು, ಹಣ ಸರಕು ಹೊರಡುವ ರಾಜ್ಯದ್ದು. ಶೇಕಡಾ 1ರಿಂದ ಆರಂಭವಾದ ದರ 1975ರಲ್ಲಿ ಶೇಕಡಾ 4 ಆಯಿತು, 2008ರಲ್ಲಿ 2ಕ್ಕೆ ಇಳಿಯಿತು.

ಅಂಗಡಿಗೆ ಗೋಡೆಯೇ ಇಲ್ಲದ ಆನ್‌ಲೈನ್ ಮಾರುಕಟ್ಟೆ ಬಂದಾಗ ಈ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಎದುರಾಯಿತು. 2014ರಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಗೂ ಅಮೆಜಾನ್ ಕಂಪೆನಿಗೂ ನಡೆದ ವಿವಾದ ದೇಶದ ಗಮನ ಸೆಳೆಯಿತು. ಬೇರೆ ವರ್ತಕರ ಸರಕು ಕಂಪೆನಿಯ ಗೋದಾಮಿನಲ್ಲಿರುತ್ತದೆ, ಅಲ್ಲಿಂದಲೇ ಗಿರಾಕಿಗೆ ಹೋಗುತ್ತದೆ, ಹೀಗಿರುವಾಗ ಕಂಪೆನಿಯೂ ವ್ಯಾಟ್ ಕಟ್ಟಬೇಕಾದ ಡೀಲರೇ ಎಂದು ಇಲಾಖೆ ಹೇಳಿತು. ನಾವು ಸೇವೆ ಕೊಡುವವರಷ್ಟೇ, ಮಾರುವವರು ಅವರು ಎಂದು ಕಂಪೆನಿ ಹೇಳಿತು. ತಿಪಟೂರಿನ ಮಂಡಿ ಕಂಡವರಿಗೆ ಈ ಜಗಳ ಹೊಸದಲ್ಲ. ರೈತನ ಕೊಬ್ಬರಿಯನ್ನು ತನ್ನಲ್ಲಿಟ್ಟುಕೊಂಡು ಮಾರಿಸಿಕೊಡುವ ದಲಾಲನನ್ನು ಕಾನೂನು ಎಂದೋ ಡೀಲರ್ ಎಂದು ಹೆಸರಿಸಿತ್ತು. ಆದರೆ ಇಲಾಖೆ ಮತ್ತು ಕಂಪೆನಿಯ ಈ ಜಗ್ಗಾಟದಲ್ಲಿ ಪರವಾನಗಿಯ ತೊಂದರೆಗೆ ಸಿಕ್ಕಿದವರು ಆ ಗೋದಾಮಿನಲ್ಲಿ ಸರಕು ಇಟ್ಟಿದ್ದ ಸಣ್ಣ ವರ್ತಕರು.

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಈ ತಕರಾರಿಗೆ ಒಂದು ತೆರೆ ಬಿತ್ತು. ತೆರಿಗೆ ಸರಕು ಸೇರುವ ರಾಜ್ಯಕ್ಕೆ ಎಂದು ನಿಶ್ಚಯವಾಯಿತು. 1953ರ ತೀರ್ಪು ಸುತ್ತು ಹಾಕಿ ಮತ್ತೆ ಮನೆಗೆ ಬಂದಂತಾಯಿತು. ಗಡಿಯ ಚೆಕ್‌ಪೋಸ್ಟುಗಳು ಹೋದವು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬಂತು, ರಾಜ್ಯದೊಳಗಿನ ಸಾಗಾಟಕ್ಕೂ ಅದನ್ನು ಅಂದೇ ಜಾರಿಗೊಳಿಸಿದ್ದು ಕರ್ನಾಟಕ. ಐವತ್ತು ಸಾವಿರ ರೂಪಾಯಿ ಮೀರಿದ ಸರಕಿಗೆ ಮಾತ್ರ ಈ ಚೀಟಿ. ಮೊಗಲರ ರಹದಾರಿ ಮೊಬೈಲಿಗೆ ಬಂದು ಕೂತಿತು, ಅಷ್ಟೇ. ಲಾರಿ ತಿಪಟೂರು ಬಿಟ್ಟರೆ ದಿಲ್ಲಿಯವರೆಗೆ ಕಟ್ಟೆ ಕಟ್ಟೆಯಲ್ಲಿ ಕೈ ಚಾಚುವವರು ಕಡಿಮೆಯಾದರು ಎಂಬುದು ಸಣ್ಣ ಲಾಭವಲ್ಲ. ‘ಒಂದೇ ಸಲ’ ಎಂಬ ಅಳತೆಯಲ್ಲಿ ನಾವು ಮುಂದೆ ಬಂದಿದ್ದೇವೆ, ಒಪ್ಪಿಕೊಳ್ಳಬೇಕು.

ಆದರೆ ಯಾವ ಸರಕು ಯಾವ ಹೆಸರಿನದು ಎಂಬ ತಕರಾರು ಉಳಿಯಿತು. ತೆಂಗಿನಕಾಯಿ ಹಸಿಯಿರಲಿ ಒಣಗಿರಲಿ ತೆರಿಗೆಯಿಲ್ಲ, ಕೊಬ್ಬರಿಗೆ ಶೇಕಡಾ 5. ಅಟ್ಟದ ಮೇಲಿನ ಕಾಯಿ ಯಾವ ಗಳಿಗೆಯಲ್ಲಿ ಕೊಬ್ಬರಿಯಾಯಿತು? ಈ ಗೊಂದಲಕ್ಕೆ 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಸುತ್ತೋಲೆಯನ್ನೇ ಹೊರಡಿಸಬೇಕಾಯಿತು. ಎಣ್ಣೆಯ ಕಥೆ ಇನ್ನೂ ಉದ್ದ. ಸಣ್ಣ ಬಾಟಲಿಯ ಕೊಬ್ಬರಿ ಎಣ್ಣೆ ಅಡುಗೆಯದೋ ತಲೆಗೆ ಹಚ್ಚುವುದೋ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, ಅದು ಖಾದ್ಯ ತೈಲವೇ ಎಂದು ಸುಪ್ರೀಂ ಕೋರ್ಟು 2024ರ ಡಿಸೆಂಬರ್‌ನಲ್ಲಿ ಹೇಳಿತು. ನಮ್ಮ ಹೆಂಗಸರು ಒಂದೇ ಬಾಟಲಿಯಿಂದ ಒಗ್ಗರಣೆಗೂ ಹಾಕುತ್ತಾರೆ, ಮಗುವಿನ ತಲೆಗೂ ತಟ್ಟುತ್ತಾರೆ. ಅವರನ್ನು ಯಾರೂ ಕೇಳಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ತಲೆ ಎಣ್ಣೆಯ ದರವೂ 18ರಿಂದ 5ಕ್ಕೆ ಇಳಿದು ಜಗಳದ ಬೇರೇ ಒಣಗಿತು.

ಇನ್ನು ದೇಶದ ಗಡಿ. ಹೊರಗಿನ ಸುಂಕ ತೆಂಗಿನ ಸೀಮೆಗೆ ದೂರದ ಮಾತಲ್ಲ. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾದಾಗ ಸುಂಕ ಶೇಕಡಾ 65 ಇತ್ತು. ನಾಲ್ಕೇ ವರ್ಷದಲ್ಲಿ 15ಕ್ಕೆ ಇಳಿಯಿತು. ಅಗ್ಗದ ಎಣ್ಣೆ ಅಡುಗೆಮನೆಗೆ ಬಂದಾಗ ಅದರ ಪೆಟ್ಟು ಅಟ್ಟಕ್ಕೂ ತಟ್ಟುತ್ತದೆ. ಹಾಗಾಗಿ ಸುಂಕವೆಂದರೆ ಬರೀ ಶಾಪ ಎಂದು ನಮ್ಮ ರೈತ ಹೇಳಲಾರ. 2019ರಲ್ಲಿ ಒಣ ತೆಂಗಿನ ತುರಿಯನ್ನು ಕಿಲೋಗೆ 150 ರೂಪಾಯಿಗಿಂತ ಕಡಿಮೆ ಬೆಲೆಗೆ ತರಿಸುವಂತಿಲ್ಲ ಎಂದು ಕೇಂದ್ರ ಕಟ್ಟು ಹಾಕಿದ್ದು ಇದೇ ಕಾರಣಕ್ಕೆ. ಒಬ್ಬನಿಗೆ ಬೇಲಿಯಾದದ್ದು ಇನ್ನೊಬ್ಬನಿಗೆ ಅಡ್ಡಿಯಾಗುತ್ತದೆ.

ಈಗ ‘ಚಿಕ್ಕವರಿಗೆ ವಿನಾಯಿತಿ’ ಎಂಬ ಅಳತೆಗೆ ಬರೋಣ. ಸಣ್ಣ ಪಾರ್ಸೆಲ್ಲಿಗೆ ಸುಂಕ ಬೇಡ ಎಂಬ ಕರುಣೆ ಹಲವು ದೇಶಗಳಲ್ಲಿತ್ತು. ಯುರೋಪಿನಲ್ಲಿ 22 ಯೂರೋವರೆಗಿನ ಆಮದಿಗೆ ವ್ಯಾಟ್ ಇರಲಿಲ್ಲ. ಅಮೆರಿಕದಲ್ಲಿ 2016ರಿಂದ ಈ ಮಿತಿ 800 ಡಾಲರ್. ನಮ್ಮಲ್ಲಿ 5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕ ಇರಲಿಲ್ಲ. ಆದರೆ ಆನ್‌ಲೈನ್ ಮಾರುಕಟ್ಟೆಗಳು ಬೆಳೆದಂತೆ ದೊಡ್ಡ ವ್ಯಾಪಾರಿಗಳು ಸಾವಿರಾರು ಸರಕುಗಳನ್ನು ಒಂದೊಂದೇ ಪೊಟ್ಟಣ ಮಾಡಿ, ಕೆಲವರು ‘ಉಡುಗೊರೆ’ ಎಂದು ಚೀಟಿ ಅಂಟಿಸಿ, ಬಡವರ ಬಾಗಿಲಿನಲ್ಲಿ ನುಗ್ಗಿದರು. ಅಮೆರಿಕಕ್ಕೆ 2024ರ ಆರ್ಥಿಕ ವರ್ಷವೊಂದರಲ್ಲೇ ಹೀಗೆ 130 ಕೋಟಿಗೂ ಹೆಚ್ಚು ಪೊಟ್ಟಣಗಳು ಬಂದವು. ಸ್ಥಳೀಯ ಅಂಗಡಿಯವನು ತೆರಿಗೆ ಕಟ್ಟುತ್ತ ಕೂತಿದ್ದರೆ ದೂರದವನು ಕಟ್ಟದೆ ಮಾರುತ್ತಿದ್ದ. ದೂರು ನ್ಯಾಯವೇ ಆಗಿತ್ತು.

ಉತ್ತರವಾಗಿ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. 2019ರ ಡಿಸೆಂಬರ್‌ನಲ್ಲಿ ಭಾರತ ಉಡುಗೊರೆಯ ವಿನಾಯಿತಿಯನ್ನು ನಿಲ್ಲಿಸಿತು. ಜೀವರಕ್ಷಕ ಔಷಧಿಗೂ ರಾಖಿಗೂ ಮಾತ್ರ ದಾರಿ ಬಿಟ್ಟಿತು. 2021ರ ಜುಲೈನಲ್ಲಿ ಯುರೋಪ್ 22 ಯೂರೋ ರಿಯಾಯಿತಿಯನ್ನು ತೆಗೆಯಿತು. 2025ರ ಆಗಸ್ಟ್ 29ರಿಂದ ಅಮೆರಿಕದ 800 ಡಾಲರ್ ಮಿತಿ ಎಲ್ಲ ದೇಶಗಳಿಗೂ ರದ್ದಾಯಿತು. ಸುಂಕವನ್ನು ಯಾರು, ಎಲ್ಲಿ ವಸೂಲಿ ಮಾಡಬೇಕು ಎಂಬುದೇ ಸ್ಪಷ್ಟವಿಲ್ಲದೆ ಭಾರತೀಯ ಅಂಚೆ ಅಲ್ಲಿಗೆ ಸರಕಿನ ಪಾರ್ಸೆಲ್ ಸೇವೆಯನ್ನು ಅಕ್ಟೋಬರ್ 15ರವರೆಗೆ ನಿಲ್ಲಿಸಬೇಕಾಯಿತು. ಮಗಳಿಗೆ ಚಟ್ನಿಪುಡಿ ಕಳಿಸುವ ತಾಯಿಯೂ, ಕರಟದ ಬಟ್ಟಲು ಕೆತ್ತಿ ಮಾರುವ ಕುಶಲಕರ್ಮಿಯೂ ಕಾಯಬೇಕಾಯಿತು. ದೊಡ್ಡ ಕಂಪೆನಿಗೆ ಆ ದೇಶದಲ್ಲೇ ಗೋದಾಮು ಮಾಡುವ ಶಕ್ತಿಯಿದೆ. ಚಿಕ್ಕವನಿಗೆ ಇದ್ದದ್ದು ಅಂಚೆಯೊಂದೇ. ದೊಡ್ಡವರು ಚಿಕ್ಕವರ ವೇಷ ಹಾಕಿ ಬಂದರು. ವೇಷ ಬಯಲಾದಾಗ ಶಿಕ್ಷೆಯಾದದ್ದು ನಿಜವಾದ ಚಿಕ್ಕವರಿಗೆ.

ಬಾಗಿಲು ತೆರೆದಿದ್ದಾಗಲೂ ಅದು ಎಲ್ಲಿದೆ ಎಂದು ತಿಳಿಯದಿದ್ದರೆ ಪ್ರಯೋಜನವಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಕರ್ನಾಟಕದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಹೋದಾಗ, ತೆರಿಗೆಯೇ ಇಲ್ಲದ ತರಕಾರಿ ಮಾರುವವರೂ ಗಾಬರಿಯಾಗಿ ಅಂಗಡಿಯ ಮುಂದಿನ ಕ್ಯೂಆರ್ ಚೀಟಿಯನ್ನೇ ಕಿತ್ತರು. ಆಮೇಲೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳ ಸಭೆ ಕರೆದು ಭರವಸೆ ಕೊಡಬೇಕಾಯಿತು. ತಗ್ಲಿಬಿಯ ಕಥೆಯಲ್ಲಿ ಅಭಯದ ಪತ್ರ ವ್ಯಾಪಾರಿಗಿಂತ ಮೊದಲೇ ಊರು ತಲುಪಿತ್ತು. ನಮ್ಮಲ್ಲಿ ಮೊದಲು ತಲುಪಿದ್ದು ನೋಟಿಸು.

ಬಿಳಿಗೆರೆಯ ಹುಡುಗಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ನೋಂದಣಿ ಮಾಡಿಸುವುದು ಅಪರಾಧವಲ್ಲ, ಶುಲ್ಕವೂ ಇಲ್ಲ, ಆದರೆ ವ್ಯಾಪಾರ ಇರಲಿ ಬಿಡಲಿ ರಿಟರ್ನ್ ತುಂಬುತ್ತಲೇ ಇರಬೇಕು ಎಂದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ರಿಟರ್ನ್ ತುಂಬಿಕೊಡುವವರಿಗೆ ಕೊಡಬೇಕಾದ ದುಡ್ಡು ಮಡಕಶಿರಾದ ಎರಡು ಬಾಟಲಿಯ ಲಾಭಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಬೇಡ ಎಂದು ಗಿರಾಕಿಗೆ ಬರೆದಳು.

ಹದಿನೈದು ದಿನದ ಮೇಲೆ ಅವಳಿಂದ ಫೋನು ಬಂತು. ಆ ಗಿರಾಕಿಯ ತಂಗಿ ಮನೆ ಪಾವಗಡದಲ್ಲೇ ಇದೆಯಂತೆ. ಎಣ್ಣೆಯನ್ನು ಅಲ್ಲಿಗೆ ತರಿಸಿಕೊಂಡು, ತಂಗಿಯನ್ನು ನೋಡಲು ಬಂದಾಗ ಕೈಚೀಲದಲ್ಲಿಟ್ಟುಕೊಂಡು ಹೋದರಂತೆ. “ನಾಲ್ಕು ಬಾಟಲಿ ತಗೊಂಡರು ಮಾಮು” ಎಂದು ನಗುತ್ತಿದ್ದಳು.

ಹಿಂದಿನ ಕಾಲದಲ್ಲೂ ಜನ ಕಟ್ಟೆ ತಪ್ಪಿಸಿ ಕಾಲುದಾರಿ ಹಿಡಿಯುತ್ತಿದ್ದರು. ನಿಯಮ ಚಿಕ್ಕವರ ಅಳತೆಗೆ ಇಲ್ಲದಿದ್ದಾಗ ಅವರು ಹೀಗೆ ದಾರಿ ಹುಡುಕಿಕೊಳ್ಳುತ್ತಾರೆ. ಆದರೆ ಎಲ್ಲ ಗಿರಾಕಿಗಳಿಗೂ ಪಾವಗಡದಲ್ಲಿ ತಂಗಿ ಇರುವುದಿಲ್ಲ.